ರಾಟೆ ಕೂಗಿದ ಮಳೆಗಾಲ

ಹೋದ ತಿಂಗಳು ಕಣ್ಣಿನ ಡಾಕ್ಟರರನ್ನು ಕಾಣಲು ಚೆನ್ನೈಯ ರಾಯಪುರಕ್ಕೆ ಹೋಗಿದ್ದೆ. ವಾಪಸು ಬರುವಾಗ ಆಟೋದವನು ಲಾರಿಗಳ ಸಾಲು ತಪ್ಪಿಸಲು ಕಾಸಿಮೇಡಿನ ಮೀನುಬಂದರಿನ ಒಳದಾರಿ ಹಿಡಿದ. ಮೀನಿನ ವಾಸನೆ ಬಂತು. ಅದು ನನಗೆ ಏನೂ ಮಾಡುವುದಿಲ್ಲ. ಇಷ್ಟು ವರ್ಷ ಈ ಊರಿನಲ್ಲಿದ್ದ ಮೇಲೆ ಅದು ಗಾಳಿಯ ವಾಸನೆಯಷ್ಟೇ. ಆದರೆ ಒಂದು ತಿರುವಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗಳಿಗೆ ಒದ್ದೆ ಗೋಣಿ ಹೊದಿಸಿಟ್ಟಿದ್ದರು. ಉಪ್ಪುನೀರು ಕುಡಿದ ಸೆಣಬಿನ ವಾಸನೆ ಮೂಗಿಗೆ ತಾಗಿದ್ದೇ ಆಟೋ ನಿಲ್ಲಿಸಲು ಹೇಳಿದೆ.

“ಎನ್ನ ಪಾಟಿ, ವಾಂದಿ ವರುದಾ?” ಎಂದ ಆಟೋ ಹುಡುಗ, ಗಾಬರಿಯಿಂದ. ಅಜ್ಜಿಗೆ ವಾಂತಿ ಬಂತೆಂದು ಅವನ ಭಯ, ಸೀಟು ಹೊಸದು.

“ಇಲ್ಲಪ್ಪಾ, ಸುಮ್ಮನೆ” ಎಂದೆ. ಸುಮ್ಮನೆ ಆಗಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನನ್ನ ಗಂಡ ಶ್ರೀಧರ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ನಾವು ಇದ್ದದ್ದು ರಾಯಪುರದಲ್ಲಿ, ಅವರ ಅಣ್ಣನ ಸಸ್ಯಾಹಾರಿ ಹೋಟೆಲಿನ ಹಿಂದಿನ ಮನೆಯಲ್ಲಿ. ಅಣ್ಣನನ್ನು ನಾನು ವಾಸು ಭಾವ ಎನ್ನುತ್ತಿದ್ದೆ. ಆ ವರ್ಷ ಅವರ ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿದ್ದುದರಿಂದ ಹಿತ್ತಲಿನ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು.

ಭಾವ ಮೆತ್ತಗಿನ ಮನುಷ್ಯ. ಅವರ ಅಡುಗೆಮನೆಯಲ್ಲಿ ಒಂದು ಕಾನೂನಿತ್ತು: ಅನ್ನ ಬಸಿದ ಬಿಸಿಗಂಜಿಯನ್ನು ಆರಿಸದೆ ಚರಂಡಿಗೆ ಚೆಲ್ಲುವಂತಿಲ್ಲ, ಹುಳುಹುಪ್ಪಟೆ ಸಾಯುತ್ತವೆ. ಹಾರ್ಬರಿನ ಗುಮಾಸ್ತರೂ ಮೂಟೆ ಹೊರುವವರೂ ಊಟಕ್ಕೆ ನೂಕುನುಗ್ಗಲಾಗಿ ನಿಂತಿದ್ದರೂ ಗಂಜಿಯ ಕೊಪ್ಪರಿಗೆ ಮೂಲೆಯಲ್ಲಿ ಆರುತ್ತ ಕೂತಿರುತ್ತಿತ್ತು. ಅಡುಗೆಯ ಸೀನಣ್ಣ ಅದನ್ನು ದಾಟಿ ದಾಟಿ ಓಡಾಡುತ್ತ ಗೊಣಗುತ್ತಿದ್ದ.

ಹಿತ್ತಲಿನಲ್ಲಿ ಒಂದು ಬಾವಿ. ಕಡಲು ಹತ್ತಿರವಾದ್ದರಿಂದ ನೀರು ಉಪ್ಪುಪ್ಪು; ಪಾತ್ರೆ ತೊಳೆಯಲು ಮಾತ್ರ. ಕಬ್ಬಿಣದ ರಾಟೆ ತುಕ್ಕು ಹಿಡಿದು, ಹಗ್ಗ ಎಳೆದಾಗಲೆಲ್ಲ ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ ಕೂಗುತ್ತಿತ್ತು. ಬಾವಿಯ ಪಕ್ಕದಲ್ಲಿ ಬೇಸಿಗೆಯ ನೀರಿನ ಬರಕ್ಕೆಂದು ಭಾವ ಕಟ್ಟಿಸಿದ್ದ ದೊಡ್ಡ ಸಿಮೆಂಟಿನ ತೊಟ್ಟಿ.

ತಮಿಳರ ಐಪ್ಪಸಿ ತಿಂಗಳ, ಅಕ್ಟೋಬರ್-ನವೆಂಬರಿನ ಮಳೆ ಹಿಡಿದಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಭಾವ ತಮ್ಮ ತಂದೆಗೆ ತರ್ಪಣ ಬಿಡಲು ಕಡಲಿಗೆ ಹೋದರು. ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಅವರು ಹೇಳಿದ್ದನ್ನು ಹೇಳುತ್ತೇನೆ. ಆಗಷ್ಟೇ ಬಳಕೆಗೆ ಬರುತ್ತಿದ್ದ ನೈಲಾನ್ ಬಲೆಯೊಂದರಲ್ಲಿ ಸಿಕ್ಕಿದ ದೊಡ್ಡ ಮೀನಿನಂಥದ್ದು ಮರಳಿನ ಮೇಲೆ ಜೀವಂತ ಬಿದ್ದಿತ್ತು. ಎಣ್ಣೆ ತೆಗೆಯಲು ಅದನ್ನು ಕೊಯ್ಯುವ ಮಾತು ನಡೆದಿತ್ತು. ಅದರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಭಾವ ಒದ್ದೆ ಪಂಚೆಯಲ್ಲೇ ಅಡ್ಡ ನಿಂತು ಬಿಡಿಸಿಕೊಂಡರು. ಅಲೆಗಳು ಆಳೆತ್ತರ ಬರುತ್ತಿದ್ದವು, ಬೆಸ್ತರ ಒಂದು ಕಟ್ಟುಮರದ ತೆಪ್ಪವೂ ನೀರಿಗಿಳಿದಿರಲಿಲ್ಲ. ಬಿಟ್ಟರೆ ಕಡಲು ಮತ್ತೆ ದಡಕ್ಕೇ ಎಸೆಯುತ್ತದೆ ಎಂದರು ಅಲ್ಲಿದ್ದವರು. ಹಾಗಾಗಿ ಅಕ್ಕಿ ಮೂಟೆ ತರುವ ಕೈಗಾಡಿಯಲ್ಲಿ, ಒದ್ದೆ ಗೋಣಿ ಹೊದ್ದು, ಅದು ನಮ್ಮ ಹಿತ್ತಲಿಗೆ ಬಂತು.

“ಅಮಾಸೆ ದಿನ ಎದ್ರಿಗೇ ಬಂದ್ ಬಿದ್ದದ್ದ್ ಕಾಣ್” ಎಂದರು ಭಾವ, ನಡುಗುತ್ತ. “ಅಪ್ಪಯ್ಯನೇ ತೋರ್ಸಿದ್ದಲ್ದೇ ಮತ್ತೆಂತ?”

ತೊಟ್ಟಿಗೆ ಬಾವಿ ನೀರು ತುಂಬಿದೆವು. ಕಡಲಿನಷ್ಟು ಉಪ್ಪಿಲ್ಲವೆಂದು ಅಡುಗೆಮನೆಯ ಕಲ್ಲುಪ್ಪಿನ ಮೂಟೆಯನ್ನೇ ಸುರಿದರು. ನೀರು ನನ್ನ ಸೊಂಟದ ಮಟ್ಟ. ಅದಕ್ಕೆ ತಿರುಗಲು ಜಾಗವಿತ್ತು, ಈಜಲು ಇರಲಿಲ್ಲ.

ಸಂಜೆ ಶ್ರೀಧರ ಕೆಲಸದಿಂದ ಬಂದು ಬಹಳ ಹೊತ್ತು ನೋಡಿದರು. ಅವರಿಗೆ ಇಂಗ್ಲಿಷ್ ಪತ್ರಿಕೆ ಓದುವ ಹವ್ಯಾಸ.

“ಅಣ್ಣಯ್ಯ, ಇದ್ ಮೀನೇ ಅಲ್ಲ. ಡಾಲ್ಫಿನ್ ಅಂಬ್ರ್ ಇದ್ಕೆ. ಮರಿ ಹಾಕಿ ಮೊಲೆ ಕೊಡೂ ಪ್ರಾಣಿ. ಬುದ್ಧಿಯೂ ಜಾಸ್ತಿ.”

ಭಾವನ ಮುಖ ಅರಳಿತು. “ಮೊಲೆ ಕೊಡತ್ತಾ? ಹಾಂಗಾರೆ ದನಿನ ಜಾತಿಯೇ ಆಯ್ತಲ್ದಾ! ಹಾಲ್ ಕುಡೀತ್ ಬಿಡು.”

“ಹಾಂಗಲ್ಲ ಅಣ್ಣಯ್ಯ, ದೊಡ್ಡದಾದ್ ಮೇಲೆ ಅದ್ ತಿಂಬುದ್ ಮೀನೇ...”

“ನಮ್ ಹಿತ್ಲಗೆ ಆ ಮಾತ್ ಆಡೂಕಾಗ” ಎಂದರು ಭಾವ. ಅಲ್ಲಿಗೆ ಮುಗಿಯಿತು.

ಹೀಗೆ ನಮ್ಮ ಮನೆಯವರು ಮಾತ್ರ ಮಾಡಬಹುದಾದ ತಪ್ಪು ಶುರುವಾಯಿತು. ಹಿತ್ತಾಳೆ ಚೊಂಬಿನಲ್ಲಿ ಹಾಲು, ಹಾಲಿನಲ್ಲಿ ಮಿದ್ದ ಅನ್ನದ ಉಂಡೆ, ಬಾಳೆಹಣ್ಣು. “ಒಂಚೂರ್ ಡಿಕಾಕ್ಷನ್ ಬಿಟ್ ಕೊಡ್ಲಾ ವಾಸಣ್ಣ?” ಎಂದು ಸೀನಣ್ಣ ನಕ್ಕ. ಹಾಲು ನೀರಿನಲ್ಲಿ ಬೆಳ್ಳಗೆ ಹರಡಿತು. ಪ್ರಾಣಿ ನೆತ್ತಿಯ ಉಸಿರುತೂತನ್ನು ಬಿಗಿ ಮುಚ್ಚಿ ಗೋಡೆಯ ಕಡೆ ತಿರುಗಿತು. ಮಾರನೆಯ ದಿನದಿಂದ ಭಾವನ ಹೆಜ್ಜೆ ಕೇಳಿದರೆ ಸಾಕು, ಚೊಂಬು ಕಾಣುವ ಮೊದಲೇ ತಿರುಗುತ್ತಿತ್ತು. ಸೀನಣ್ಣನ ಹೆಜ್ಜೆಗೆ ತಿರುಗುತ್ತಿರಲಿಲ್ಲ.

ಮೊದಲ ದಿನಗಳಲ್ಲಿ ಅದು ಒಂದು ಸಿಳ್ಳೆ ಹಾಕುತ್ತಿತ್ತು. ಮೇಲಕ್ಕೆ ಏರಿ, ಬಾಗಿ, ಇಳಿದು ನಿಲ್ಲುವ ಸಿಳ್ಳೆ. ಯಾವಾಗಲೂ ಅದೇ ಒಂದು. ಹಾಕಿ ಸುಮ್ಮನಾಗುತ್ತಿತ್ತು, ತಲೆಯನ್ನು ಕೊಂಚ ಓರೆ ಮಾಡಿ. ಮತ್ತೆ ಅದೇ. ನಾನು ಪಾತ್ರೆ ತೊಳೆಯುತ್ತ ಕೇಳುತ್ತಿದ್ದೆ. ಕೆಲವು ದಿನಗಳ ಮೇಲೆ ಆ ಸಿಳ್ಳೆ ನಿಂತುಹೋಯಿತು. ಪೂರ್ತಿ ನಿಂತದ್ದು ಯಾವ ದಿನವೆಂದು ನನಗೆ ತಿಳಿಯಲಿಲ್ಲ. ಇಲ್ಲವೆಂದು ಗೊತ್ತಾದದ್ದು ಇನ್ನೊಂದು ಸದ್ದು ಬಂದ ಮೇಲೆ.

ಮಳೆ ಬಿಟ್ಟಾಗ ಬಿಸಿಲು ಚುರುಕಾಗಿರುತ್ತಿತ್ತು. ಅದರ ಬೆನ್ನಿನ ಚರ್ಮ ಬಿರಿಯುತ್ತಿದೆಯೆಂದು ಭಾವ ತೆಂಗಿನೆಣ್ಣೆ ಸವರಿದರು, ಗೋಣಿ ಹೊದಿಸಿದರು. ಆಗಾಗ ನೀರು ಸೇದಿ ಬೆನ್ನ ಮೇಲೆ ಹೊಯ್ಯುವ ಕೆಲಸ ನನ್ನದು. ಒಂದು ಬೆಳಿಗ್ಗೆ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದೆ. ರಾಟೆ ಕೂಗಿತು. ನನ್ನ ಕೆಲಸ ಯಾರು ಮಾಡುತ್ತಿದ್ದಾರೆ ಎಂದು ಹೊರಗೆ ಬಂದರೆ ಬಾವಿಯ ಹತ್ತಿರ ಯಾರೂ ಇಲ್ಲ. ಹಗ್ಗ ಅಲುಗದೆ ಇಳಿಬಿದ್ದಿತ್ತು. ಮತ್ತೆ ಕೂಗಿತು: ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ. ಸದ್ದು ತೊಟ್ಟಿಯಿಂದ ಬರುತ್ತಿತ್ತು. ನೆತ್ತಿಯ ತೂತಿನ ತುಟಿ ಅದುರುತ್ತಿತ್ತು, ಕಣ್ಣು ನನ್ನ ಕಡೆಗಿತ್ತು. ನಾನು ಒಂದು ಕೊಡ ಸೇದಿ ಬೆನ್ನ ಮೇಲೆ ಹೊಯ್ದೆ. ಸುಮ್ಮನಾಯಿತು.

ಕಾಕತಾಳೀಯವಿರಬಹುದೆಂದು ಮಧ್ಯಾಹ್ನ ಮರೆಯಲ್ಲಿ ನಿಂತು ಕಾದೆ. ಬೆನ್ನು ಒಣಗಿದಾಗ ಮತ್ತೆ ರಾಟೆಯ ಕೂಗು ಬಂತು. ನೀರು ಹೊಯ್ದ ಮೇಲೆ ನಿಂತಿತು. ರಾಟೆ ಕೂಗಿದರೆ ನೀರು ಬರುತ್ತದೆಂದು ಅದು ಕಂಡುಕೊಂಡಿತ್ತು. ನಮ್ಮಲ್ಲಿ ಯಾರೂ ಅದರ ಸಿಳ್ಳೆ ಕಲಿಯಲಿಲ್ಲ. ಅದು ನಮ್ಮ ಬಾವಿಯ ಸದ್ದು ಕಲಿಯಿತು.

ಭಾವನಿಗೆ ಹೇಳಿದೆ. ಅವರು ಕೈ ಮುಗಿದರು. “ಇದ್ ಸಾಮಾನ್ಯದ್ದಲ್ಲ ಅಂದ್ ನಾ ಮೊದ್ಲೇ ಹೇಳ್ಲಿಲ್ಯಾ?” ಮಾತು ಹೋಟೆಲಿಗೆ ಹೋಯಿತು, ಹೋಟೆಲಿನಿಂದ ಬೀದಿಗೆ. ಮತ್ಸ್ಯಾವತಾರವೆಂದು ಜನ ಬಂದರು. ಹೆಂಗಸರು ಅರಿಸಿನ ಕುಂಕುಮ ತಂದರು, ಸೇವಂತಿಗೆ ಹೂ ಎಸೆದರು; ಎಸಳುಗಳು ಉಸಿರುತೂತಿನ ಸುತ್ತ ಅಂಟಿಕೊಂಡವು, ನಾನು ಬೆರಳಿನಿಂದ ತೆಗೆಯುತ್ತಿದ್ದೆ. ಬಿಸಿಲಿನಲ್ಲಿ ಅದು ಕೂಗುವುದನ್ನೇ ಕಾದು ನಿಂತು, ಕೂಗಿದೊಡನೆ ಕೆನ್ನೆ ಬಡಿದುಕೊಂಡು ನಮಸ್ಕರಿಸುತ್ತಿದ್ದರು. ನೀರು ಹೊಯ್ಯಲು ನಾನು ಅವರ ನಡುವೆ ದಾರಿ ಬಿಡಿಸಿಕೊಂಡು ಹೋಗಬೇಕಾಗುತ್ತಿತ್ತು.

ಅಷ್ಟರಲ್ಲಿ ಅದರ ತಲೆಯ ಹಿಂದೆ, ಕುತ್ತಿಗೆ ಇರಬೇಕಾದ ಕಡೆ, ಒಂದು ತಗ್ಗು ಬಿದ್ದಿತ್ತು. ಬಂದಾಗ ಇರಲಿಲ್ಲ. ಹೊಟ್ಟೆಯ ಪಕ್ಕ ಬೆಳ್ಳಗಿನ ಹುಣ್ಣುಗಳು. ಕಡಲು ಇಳಿಯಿತಲ್ಲ, ಬಿಟ್ಟುಬಿಡೋಣ ಎಂದು ಶ್ರೀಧರ ಹೇಳಿದರೆ, “ಬಿಟ್ಟ್ರೆ ನಾಳೆಯೇ ಬಲೆ ಹಾಕಿ ಎಣ್ಣೆ ತೆಗೀತ್ರ್. ಇಲ್ಲಾರೂ ಜೀವ ಇತ್ತಲೆ” ಎನ್ನುತ್ತಿದ್ದರು ಭಾವ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಭಯವೂ ನಿಜವಾಗಿತ್ತು.

ಕುಪ್ಪಮ್ಮ ಎಂಬ ಮೀನು ಮಾರುವ ಹೆಂಗಸು ಮಧ್ಯಾಹ್ನ ಬುಟ್ಟಿಯನ್ನು ಗಲ್ಲಿಯಲ್ಲೇ ಇಳಿಸಿ ನಮ್ಮ ಹಿಂದಿನ ಬಾಗಿಲಿಗೆ ಮಜ್ಜಿಗೆ ಕುಡಿಯಲು ಬರುತ್ತಿದ್ದಳು. ಅವಳಿಗೆ ಅದರ ಮೇಲೆ ಭಕ್ತಿಯಿರಲಿ, ಕನಿಕರವೂ ಇರಲಿಲ್ಲ. ಡಾಲ್ಫಿನ್‌ಗಳನ್ನು ಅಲ್ಲಿಯ ಮೀನುಗಾರರು ಓಂಗಲ್ ಎನ್ನುತ್ತಾರೆ. ಅವಳ ಅಳಿಯ ಮುರುಗೇಶನ ಹೊಸ ಬಲೆಯನ್ನು ಓಂಗಲ್‌ಗಳ ಹಿಂಡು ಹರಿದು ಮೀನು ತಿಂದುಹೋಗಿತ್ತು.

“ಏನಮ್ಮಾ, ನಿಮ್ಮ ಸಾಮಿ ಸಾಂಬಾರ್ ಸಾದಂ ಉಂಡರಾ?” ಎಂದು ದಿನವೂ ಕೆಣಕುತ್ತಿದ್ದಳು ತಮಿಳಿನಲ್ಲಿ. “ಹಪ್ಪಳ ಬೇಕಂತಾ ಕೇಳು, ಕಳ್ಳನಿಗೆ.”

ಒಂದು ದಿನ ನಾನು, “ಕುಪ್ಪಮ್ಮಾ, ನಿನ್ನ ಬುಟ್ಟಿಯಲ್ಲಿ ಸಣ್ಣ ಮೀನು ಉಳಿದಿದೆಯಾ?” ಎಂದೆ.

ಅವಳು ಮಜ್ಜಿಗೆ ನೆತ್ತಿಗೇರುವಂತೆ ನಕ್ಕಳು. “ಅಯ್ಯೋ, ಅಯ್ಯರ್ ಮನೆ ಸೊಸೆ ಮೀನು ಕೇಳ್ತಾಳೆ! ಊರಿಗೆ ಮಳೆ ಯಾಕೆ ಬಂತು ಅಂತ ಈಗ ಗೊತ್ತಾಯ್ತು.” ನಾನು ನಗದೆ ನಿಂತದ್ದು ಕಂಡು ತೊಟ್ಟಿಯ ಕಡೆ ನೋಡಿದಳು. ಲೋಟ ಕೆಳಗಿಟ್ಟಳು. “ಒಂದು ಬಾಳೆಲೆ ತಾ. ಸುತ್ತಿ ಕೊಡ್ತೀನಿ. ಯಾರಾದ್ರೂ ಕೇಳಿದ್ರೆ ನಾನು ಕೊಟ್ಟಿಲ್ಲ, ನೀನು ತಗೊಂಡಿಲ್ಲ.”

ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತು. ಹೋಟೆಲಿನವರೆಲ್ಲ ಬೆಂಚುಗಳ ಮೇಲೆ ಮಲಗಿರುತ್ತಾರೆ. ನನ್ನ ಕೈ ಅಲ್ಲಿಯವರೆಗೆ ಮೀನು ಮುಟ್ಟಿರಲಿಲ್ಲ. ಅದು ಅಷ್ಟು ತಣ್ಣಗಿರುತ್ತದೆಂದೂ ಗೊತ್ತಿರಲಿಲ್ಲ. ಮೊದಲನೆಯದನ್ನು ಅದು ಬಾಯಿಗೆ ತೆಗೆದುಕೊಂಡು ಕೆಳಗೆ ಬಿಟ್ಟಿತು. ಮತ್ತೆ ಎತ್ತಿತು, ಮತ್ತೆ ಬಿಟ್ಟಿತು. ಸತ್ತ ಮೀನು ಅದಕ್ಕೆ ಹೊಸದಿರಬೇಕು. ನಾನು ನೀರಿನೊಳಗೆ ಕೈ ಇಳಿಸಿ ಮೀನನ್ನು ಓಡುವಂತೆ ಆಡಿಸಿದೆ. ನುಂಗಿತು. ಅಷ್ಟೊಂದು ಹಲ್ಲಿರುವ ಬಾಯಿ ನನ್ನ ಬೆರಳಿಗೆ ಒಮ್ಮೆಯೂ ತಾಗಲಿಲ್ಲ. ಎಲೆ ಖಾಲಿಯಾದ ಮೇಲೆ ಅದು ಗೋಡೆಗೆ ಬಂದು, ನನ್ನ ಅಂಗೈ ಕೆಳಗೆ ತಲೆಯಿಟ್ಟು ಉಸಿರು ಬಿಟ್ಟಿತು. ಮನುಷ್ಯರ ಉಸಿರಿನಂತೆಯೇ ಬೆಚ್ಚಗಿತ್ತು. ಹುಣಸೆಹಣ್ಣು, ಸೀಗೆಪುಡಿ ಹಾಕಿ ಕೈ ತೊಳೆದೆ. ಆ ಬಿಸುಪು ಮಾತ್ರ ಅಂಗೈಯಲ್ಲಿ ಉಳಿಯಿತು.

ಕೆಲವು ದಿನ ಹಾಗೇ ನಡೆಯಿತು. ನನ್ನನ್ನು ಕಂಡರೆ ಅದು ಈಗ ಬೆನ್ನು ಒದ್ದೆಯಿದ್ದರೂ ರಾಟೆಯಂತೆ ಕೂಗುತ್ತಿತ್ತು. ಬೇಕಾದದ್ದು ಏನೇ ಇರಲಿ, ಕೇಳಲು ಅದಕ್ಕೆ ನಮ್ಮ ಭಾಷೆಯಲ್ಲಿ ಇದ್ದದ್ದು ಅದೊಂದೇ ಮಾತು.

ನಾನು ಸಿಕ್ಕಿಬಿದ್ದದ್ದು ಒಂದು ಹುರುಪೆಯಿಂದ. ಬಾವಿಯ ಹಗ್ಗದ ಎಳೆಯಲ್ಲಿ ಸಿಕ್ಕಿ ಮಿನುಗುತ್ತಿದ್ದ ಮೀನಿನ ಹುರುಪೆಯನ್ನು ಸೀನಣ್ಣ ಹೆಬ್ಬೆರಳ ಮೇಲೆ ಇಟ್ಟುಕೊಂಡು ಭಾವನ ಮುಂದೆ ಹಿಡಿದ. “ಇದೆಂತ ವಾಸಣ್ಣ? ಇದೇ ಹಗ್ಗದಗೆ ಸೇದಿದ ನೀರಗೆ ನಾನ್ ಪಾತ್ರೆ ತೊಳೂದು. ಶುದ್ಧ ಸಸ್ಯಾಹಾರಿ ಅಂದ್ ಬೋರ್ಡ್ ಹಾಕಿ ಕೂತಿತ್ತಲೆ! ನಾನ್ ನಾಳಿನ್ ರೈಲಿಗೆ ಊರಿಗ್ ಹೋತೆ.”

ಭಾವ ನನ್ನ ಕಡೆ ನೋಡಿದರು. ಸಿಟ್ಟಾಗಲಿಲ್ಲ, ಬಿಳಿಚಿಕೊಂಡರು. ಸುದ್ದಿ ಬೀದಿಗೆ ಹೋದರೆ ಹೋಟೆಲು ಮುಚ್ಚಿದಂತೆಯೇ ಎಂದು ನನಗೂ ಗೊತ್ತಿತ್ತು.

“ನೀನಾ?” ಎಂದರು.

“ಹೌದ್ ಭಾವ. ಅದ್ ಹಾಲ್ ಕುಡೂದಿಲ್ಲೆ. ಬಂದಾಗಿಂದ ಕುಡೀಲಿಲ್ಲೆ. ಕೊಲ್ಲೂದ್ ಬ್ಯಾಡ ಅಂದ್ ತಂದ್ ನಾವು ಉಪಾಸ ಹಾಕಿ ಕೊಲ್ತಿತ್ತ್.”

ಆಗ ರಾಟೆ ಕೂಗಿತು. ಮೂವರೂ ಬಾವಿಯ ಕಡೆ ತಿರುಗಿದೆವು. ಹಗ್ಗ ಸೀನಣ್ಣನ ಕೈಯಲ್ಲೇ ಇತ್ತು. ಭಾವ ಅದನ್ನು ಅವನಿಂದ ತೆಗೆದುಕೊಂಡು ತಾವೇ ನೀರು ಸೇದಿ ತೊಟ್ಟಿಗೆ ಹೊಯ್ದರು. ಅದು ಮತ್ತೆ ಕೂಗಿತು. ಇನ್ನೊಂದು ಕೊಡ ಹೊಯ್ದರು. ಮತ್ತೆ ಕೂಗಿತು. ಅದರ ಕಣ್ಣು ಕೊಡದ ಮೇಲಿರಲಿಲ್ಲ, ನನ್ನ ಕೈಯ ಮೇಲಿತ್ತು.

“ಇದ್ ಕೇಂಬುದ್ ನೀರಲ್ಲ” ಎಂದರು ಭಾವ ಕೊನೆಗೆ. ಕೊಡ ಕೆಳಗಿಟ್ಟರು. “ಕೇಂಬೂಕೆ ಗೊತ್ತಿಪ್ಪುದನ್ನ ನಾನ್ ದೇವ್ರ್ ಅಂದ್ ಕೂಡಿ ಹಾಕ್ದೆ.” ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಇನ್ನೂ ಇತ್ತಾ... ಅದು?” ಎಂದರು.

ಇತ್ತು. ಕುಪ್ಪಮ್ಮ ಆಗಷ್ಟೇ ಕೊಟ್ಟಿದ್ದ ಎಲೆಯ ಪೊಟ್ಟಣ ಬಾವಿಕಟ್ಟೆಯ ಹಿಂದಿತ್ತು. ನಾನು ತಿನ್ನಿಸಿದೆ. ಭಾವ ನಮಗೆ ಬೆನ್ನು ಮಾಡಿ ನಿಂತರು. ಆದರೆ ಹೋಗಲಿಲ್ಲ, ಎಲೆ ಖಾಲಿಯಾಗುವವರೆಗೂ.

ಮರುದಿನ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಅದೇ ಕೈಗಾಡಿ, ಅದೇ ಗೋಣಿ. ಸೀನಣ್ಣ ರೈಲು ಹತ್ತಿರಲಿಲ್ಲ. ಗಾಡಿಯ ಹಿಂದೆ ಕೊಡ ಹಿಡಿದು ನೀರು ಹೊಯ್ಯುತ್ತ ಬಂದ. ಅಲೆ ದಾಟಿಸಿ ಬಿಡಲು ಮುರುಗೇಶನನ್ನು ಕುಪ್ಪಮ್ಮ ಒಪ್ಪಿಸಿದ್ದಳು.

“ಬಲೆ ಹರಿದವನಿಗೆ ಬಂಡಿ ಸವಾರಿ ಬೇರೆ!” ಎಂದು ಅವನು ಉಗಿದ. ಆದರೂ ಕಟ್ಟುಮರದ ಪಕ್ಕಕ್ಕೆ ಅದನ್ನು ಕಟ್ಟುವಾಗ ಹಗ್ಗದ ಕೆಳಗೆ ಗೋಣಿ ಮಡಿಸಿಟ್ಟ, ಚರ್ಮ ಉಜ್ಜದ ಹಾಗೆ. ದಡದಿಂದ ನೋಡಿದೆ. ಅಲೆಗಳ ಆಚೆ ಅವನು ಹಗ್ಗ ಬಿಚ್ಚಿದ. ಅದು ಹೋಗಲಿಲ್ಲ. ಕಟ್ಟುಮರದ ಪಕ್ಕದಲ್ಲೇ ಇತ್ತು. ಅವನು ಕೂಗಾಡಿದ, ಹುಟ್ಟಿನಿಂದ ನೀರು ಬಡಿದ. ಬಹಳ ಹೊತ್ತಿನ ಮೇಲೆ ಬೆನ್ನೊಂದು ಎದ್ದು, ದೂರದಲ್ಲಿ ಇನ್ನೊಮ್ಮೆ ಎದ್ದು, ಕಾಣದಾಯಿತು. ಭಾವ ನೀರಿನಲ್ಲಿ ಮೊಣಕಾಲವರೆಗೆ ಇಳಿದು ನಿಂತಿದ್ದರು, ಪಂಚೆ ಎತ್ತಿ ಕಟ್ಟುವುದನ್ನೂ ಮರೆತು.

ತೊಟ್ಟಿ ತೊಳೆದು ಸುಣ್ಣ ಬಳಿದೆವು. ಸೀನಣ್ಣ ಪುಣ್ಯಾಹ ಮಾಡಿಸಿ ಉಳಿದುಕೊಂಡ. ಸ್ವಾಮಿ ಕಡಲಿಗೆ ಹಿಂತಿರುಗಿದರೆಂದು ಜನಕ್ಕೆ ಹೇಳಿದ್ದಾಯಿತು. ನಾನು ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಕತೆಯಾಗುತ್ತಿತ್ತು.

ಮಾರ್ಚ್ ನಡುವೆ ಪಂಗುನಿ ತಿಂಗಳು ಬಂತು. ಕಡಲು ಎಣ್ಣೆಯಂತೆ ನಿಂತಿತ್ತು. ಒಂದು ಬೆಳಿಗ್ಗೆ ಹಿಂದಿನ ಬಾಗಿಲಿಗೆ ಮುರುಗೇಶ ಬಂದ. ಅವನು ಯಾವತ್ತೂ ಬಂದವನಲ್ಲ. ಹಿಂದೆ ಕುಪ್ಪಮ್ಮ, ಕೆಣಕುವ ಮಾತಿಲ್ಲದೆ. ಅವನು ಭಾವನನ್ನು ಕರೆಯಲು ಹೇಳಿದ. ತಮಿಳಿನಲ್ಲಿ ಅವನು ಹೇಳಿದ್ದು ಇಷ್ಟು.

ಕೆಲವು ವಾರಗಳಿಂದ ಒಂದು ಓಂಗಲ್ ದೋಣಿಗಳ ಹತ್ತಿರ ಬಂದು ಬಾವಿ ರಾಟೆಯಂತೆ ಕೂಗುತ್ತಿತ್ತು. ಹುಡುಗರಿಗೆ ತಮಾಷೆ, ಮೀನು ಎಸೆಯುತ್ತಿದ್ದರು. ಉಳಿದ ಓಂಗಲ್‌ಗಳು ದೋಣಿಯಿಂದ ದೂರ ಇರುತ್ತವೆ. ಇದು ಇರುತ್ತಿರಲಿಲ್ಲ. ನಿನ್ನೆ ಮುಂಜಾನೆ ಮುರುಗೇಶನ ಬಲೆಯಲ್ಲೇ ಸಿಕ್ಕಿತು. ಬಲೆ ಎಳೆದು ಮೇಲಕ್ಕೆ ತಂದಾಗ ನೈಲಾನ್ ಎಳೆ ರೆಕ್ಕೆಯ ಬುಡಕ್ಕೆ ಇಳಿದಿತ್ತು. ಅದು ಕೂಗಿತು. ಜೊತೆಯಲ್ಲಿದ್ದವರು ನಕ್ಕರು. ಮತ್ತೆ ಕೂಗಿತು.

“ಹೊಸ ಬಲೆ ಅಯ್ಯರೇ. ನಾನೇ ಬಲೆ ಕೊಯ್ದೆ” ಎಂದ ಮುರುಗೇಶ. “ಅದು ನೀರಿಗೆ ಬಿತ್ತು. ಈಜಿತೋ ಮುಳುಗಿತೋ ನಾನು ಕಾಣಲಿಲ್ಲ. ನೀವು ಅದಕ್ಕೆ ಮಾತು ಕಲಿಸಿ ಬಿಟ್ಟಿರಿ. ಇನ್ನು ಮೇಲೆ ಯಾವ ಓಂಗಲ್ ಬಲೆಗೆ ಬಿದ್ದರೂ ನನಗೆ ಅದು ಏನೋ ಕೇಳ್ತಿದೆ ಅಂತಲೇ ಅನಿಸುತ್ತೆ. ನಾನು ಹೆಂಗೆ ದುಡಿಯೋದು? ಹೇಳಿ.”

ಭಾವ ಒಳಗೆ ಹೋಗಿ ಎಲೆ ತಂದು, ಹಿಂದಿನ ಜಗುಲಿಯಲ್ಲಿ ಹಾಸಿ, ಅವನಿಗೆ ತಾವೇ ಬಡಿಸಿದರು. ಅವನು ತಲೆ ತಗ್ಗಿಸಿ ಉಂಡ.

ಅವನು ಹೇಳಿದ್ದನ್ನು ನಾನು ಇಷ್ಟು ವರ್ಷ ಮತ್ತೆ ಮತ್ತೆ ಯೋಚಿಸಿದ್ದೇನೆ. ಮಾತು ನಾವು ಕಲಿಸಿದ್ದಲ್ಲ. ಅದಕ್ಕೆ ಮಾತಿತ್ತು. ಅವು ಒಂದನ್ನೊಂದು ಹೆಸರಿನಂಥ ಸಿಳ್ಳೆಯಿಂದ ಕರೆಯುತ್ತವೆ ಎಂದು ಈಗ ಓದಿ ತಿಳಿದಿದ್ದೇನೆ. ಆ ಮೊದಲ ದಿನಗಳಲ್ಲಿ ಅದು ಸಿಮೆಂಟಿನ ಗೋಡೆಗೆ ತನ್ನ ಹೆಸರನ್ನೇ ಹೇಳುತ್ತಿತ್ತೋ ಏನೋ. ಈಗ ಅವುಗಳನ್ನು ಕೊಲ್ಲಬಾರದೆಂಬ ಕಾನೂನಿದೆ. ಬಲೆಗಳೂ ಇವೆ, ಆಗಿನದಕ್ಕಿಂತ ಉದ್ದವಾದವು. ಒಂದು ಪ್ರಾಣಿ ನಮ್ಮ ಹಿತ್ತಲಿನ ಸದ್ದು ಕಲಿತಿತ್ತೆಂದು ಒಬ್ಬ ಮನುಷ್ಯ ತನ್ನ ಬಲೆ ಕೊಯ್ದ. ಅದನ್ನು ಕಲಿಯದೆ, ತಮ್ಮದೇ ಸಿಳ್ಳೆಯಲ್ಲಿ ಕೇಳಿಕೊಂಡ ಉಳಿದವುಗಳ ಬಲೆಯನ್ನು ಯಾರು ಕೊಯ್ದರು?

ಆ ಮಧ್ಯಾಹ್ನ ಭಾವ ಏಣಿ ಹಾಕಿ ಹತ್ತಿ ರಾಟೆಗೆ ತೆಂಗಿನೆಣ್ಣೆ ಬಿಟ್ಟರು. ಕೂಗು ನಿಂತಿತು. ಆದರೆ ಅದು ಕಡಲ ಗಾಳಿ. ಎಣ್ಣೆ ಬೇಗ ಒಣಗುತ್ತಿತ್ತು. ಮತ್ತೆ ಬಿಡುತ್ತಿದ್ದರು, ಮತ್ತೆ ಒಣಗುತ್ತಿತ್ತು. ನಾನು ನೀರು ಸೇದುವಾಗ ರಾಟೆ ಕೂಗಿತೆಂದರೆ, ಮುಂದೆ ಗಲ್ಲಾದಲ್ಲಿ ಕೂತ ಭಾವ ಗಿರಾಕಿಯ ಮಾತನ್ನು ನಡುವೆಯೇ ಬಿಟ್ಟು ಹಿತ್ತಲಿನವರೆಗೆ ಬಂದು, ಬಾವಿಯ ಹತ್ತಿರ ಇರುವುದು ನಾನೇ ಎಂದು ನೋಡಿಕೊಂಡು, ಹಿಂತಿರುಗುತ್ತಿದ್ದರು.